ಖಾಲಿ ಫ್ಲಾಶಿನ ಆರತಕ್ಷತೆ

ಫೋಟೋ ಚೆನ್ನಾಗಿ ತೆಗೆಯುವುದು ಹೇಗೆ ಎಂದು ಕೇಳಿಕೊಂಡು ನನ್ನ ಸ್ಟುಡಿಯೋಗೆ ಜನ ಬರುತ್ತಾರೆ. ದುಬೈಯಿಂದ ಭಾವ ತಂದುಕೊಟ್ಟ ಕ್ಯಾಮೆರಾ ಕೊರಳಿಗೆ ನೇತುಹಾಕಿಕೊಂಡು, ಅದರ ಮುಚ್ಚಳ ತೆಗೆಯುವುದನ್ನೇ ಮರೆತು ಬಂದು ನಿಲ್ಲುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟೇ: ಬೆಳಕು ನಿಮ್ಮ ಬೆನ್ನಿಗಿರಲಿ. ಕನ್ನಡಕದವರು ತಲೆ ಸ್ವಲ್ಪ ತಗ್ಗಿಸಲಿ. ‘ನಗಿ’ ಎಂದು ಯಾರಿಗೂ ಹೇಳಬೇಡಿ, ಹೇಳಿದರೆ ಹಲ್ಲು ಕಾಣುತ್ತದೆ, ನಗು ಕಾಣುವುದಿಲ್ಲ. ಮತ್ತು ಮದುವೆ ಮನೆಯಲ್ಲಿ ಹೆಣ್ಣಿನ ಅಪ್ಪ ಏನು ನಿಯಮ ಹಾಕಿಕೊಡುತ್ತಾರೋ ಅದನ್ನು ಅಕ್ಷರಶಃ ಪಾಲಿಸಿ. ಈ ಕೊನೆಯ ಮಾತಿಗೆ ಎಲ್ಲರೂ ನಗುತ್ತಾರೆ. ನಗಲಿ. ಅದನ್ನು ಪಾಲಿಸಿದ್ದಕ್ಕೆ ಬನಶಂಕರಿ ಎರಡನೇ ಹಂತದಲ್ಲಿ ನನ್ನನ್ನು ಏನೇನು ಅಂದರು ಎಂದು ಅವರಿಗೇನು ಗೊತ್ತು? ನಾನು ತಪ್ಪು ಮಾಡಲಿಲ್ಲ. ಅವತ್ತೂ ಒಪ್ಪಲಿಲ್ಲ, ಇವತ್ತೂ ಒಪ್ಪುವುದಿಲ್ಲ.

ಆಗ ತೊಂಬತ್ತಾರನೇ ಇಸವಿ. ನನ್ನ ಅಂಗಡಿ ಇದ್ದದ್ದು ಪಿಳ್ಳಣ್ಣನವರ ಕಟ್ಟಡದಲ್ಲಿ. ಪಿಳ್ಳಣ್ಣನವರದು ಹೊಸಕೆರೆಹಳ್ಳಿಯ ಹಳೇ ಮನೆತನ. ಹೊಲಗಳೆಲ್ಲ ಸೈಟುಗಳಾದ ಮೇಲೆ ಇಲ್ಲಿಗೆ ಬಂದು ಮೂರು ಅಂತಸ್ತು ಎಬ್ಬಿಸಿ, ಕೆಳಗೆ ನಾಲ್ಕು ಮಳಿಗೆ ಬಾಡಿಗೆಗೆ ಕೊಟ್ಟು, ಮೇಲೆ ತಾವಿದ್ದರು. ನಾಲ್ಕರಲ್ಲಿ ಒಂದು ನನ್ನದು. ಬೋರ್ಡಿನಲ್ಲಿ ‘ಸೀನು ಫೋಟೋ ಸ್ಟುಡಿಯೋ’ ಎಂದು ಬರೆಸಿ, ಕೆಳಗೆ ಕೆಂಪಕ್ಷರದಲ್ಲಿ ‘ನಮ್ಮಲ್ಲಿ ರೀಲು ಹಾಳಾಗುವುದಿಲ್ಲ’ ಎಂದು ಸೇರಿಸಿದ್ದೆ.

“ಎಲ್ರೂ ಕಲರ್ ಲ್ಯಾಬು, ವಿಡಿಯೋ ಅಂತ ಬರೆಸ್ತಾರೆ. ನೀವು ಹಾಳಾಗೋ ವಿಷಯ ಬರೆಸಿದೀರಲ್ರೀ” ಎಂದಳು ನನ್ನ ಹೆಂಡತಿ ಕಮಲಾದೇವಿ.

ಬರೆಸಿದ್ದು ಸರಿಯಾಗಿಯೇ ಇತ್ತು. ನಮ್ಮ ಕಸುಬಿನಲ್ಲಿ ಫೋಟೋ ಕಪ್ಪಗೆ ಬಂದರೆ ಜನ ಕ್ಷಮಿಸುತ್ತಾರೆ, ತಲೆ ಕತ್ತರಿಸಿ ಹೋದರೂ ಬೈದು ಸುಮ್ಮನಾಗುತ್ತಾರೆ. ಆದರೆ ‘ಇವನು ಮದುವೆ ರೀಲು ಹಾಳು ಮಾಡಿದ’ ಎಂದು ಒಮ್ಮೆ ಹೆಸರು ಬಂತೋ, ಆಮೇಲೆ ಪಾಸ್‌ಪೋರ್ಟ್ ಸೈಜಿಗೂ ಯಾರೂ ಹತ್ತಿರ ಬರುವುದಿಲ್ಲ.

ಇಲ್ಲಿ ನಮ್ಮ ವೃತ್ತಿಯ ಒಂದು ಗುಟ್ಟು ಹೇಳಬೇಕು. ಸಂಘದವರು ಬೈದರೆ ಬೈಯಲಿ. ಆಗ ಒಂದು ರೀಲಿಗೆ ಮೂವತ್ತಾರು ಫೋಟೋ. ಆರತಕ್ಷತೆಗೆ ಬರುವವರು ಎಂಟುನೂರು ಜನ. ಅಷ್ಟೂ ಜನ ಹೆಣ್ಣುಗಂಡಿನ ಪಕ್ಕ ನಿಲ್ಲಬೇಕು, ಮುಖಕ್ಕೆ ಬೆಳಕು ಬೀಳಬೇಕು, ಆಮೇಲೇ ಊಟ. ಬೆಳಕು ಬೀಳಲಿಲ್ಲವೋ ಅದು ಅವಮಾನ. ಅದಕ್ಕೇ ಫ್ಲಾಶಿನ ಬೆನ್ನಿಗೆ ಒಂದು ಪುಟ್ಟ ಗುಂಡಿ ಇರುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ಫಳ್ಳೆಂದು ಬೆಳಕು ಮಾತ್ರ ಬರುತ್ತದೆ, ಕ್ಯಾಮೆರಾದೊಳಗೆ ಏನೂ ನಡೆಯುವುದಿಲ್ಲ. ನಿಂತವರು ಖುಷಿಯಾಗಿ ಊಟಕ್ಕೆ ಹೋಗುತ್ತಾರೆ. ನಾವು ಇದನ್ನು ಖಾಲಿ ಫ್ಲಾಶು ಎನ್ನುತ್ತೇವೆ. ಯಾರಿಗೆ ರೀಲು, ಯಾರಿಗೆ ಖಾಲಿ ಎಂಬುದನ್ನು ಮನೆಯ ಯಜಮಾನರು ಮೊದಲೇ ಹೇಳಿರಬೇಕು.

ಪಿಳ್ಳಣ್ಣನವರ ಒಬ್ಬಳೇ ಮಗಳು ಕಲ್ಯಾಣಿಗೆ ರವಿಕುಮಾರ್ ಎಂಬ ಹುಡುಗ ಗೊತ್ತಾದ. ಸಂಬಂಧ ಕೂಡಿಸಿದವರು ಜೆ.ಪಿ. ನಗರದ ವೆಂಕಟಾಚಲ ಎಂಬ ನಿವೃತ್ತ ಅಧಿಕಾರಿ. ಅವರ ಹೆಸರು ಹೇಳುವಾಗೆಲ್ಲ ಪಿಳ್ಳಣ್ಣನವರು ಚಪ್ಪಲಿ ಬಿಡುವುದೊಂದು ಬಾಕಿ. ಮದುವೆಗೆ ಎರಡು ದಿನ ಮೊದಲು ಪಿಳ್ಳಣ್ಣನವರು ಅಂಗಡಿಗೆ ಬಂದರು.

“ಲೋ ಸೀನು, ಆರತಕ್ಷತೆಗೆ ಮೂರು ರೀಲು ಅಷ್ಟೇಯ. ನೂರೆಂಟು ಫೋಟೋ. ವಿಡಿಯೋ ಬ್ಯಾಡ, ಆ ಲೈಟು ಬಿದ್ರೆ ನನ್ ಮಗಳ ಮಖ ಬಾಡೋಯ್ತದೆ.”

“ಯಾರಿಗೆ ರೀಲು, ಯಾರಿಗೆ ಖಾಲಿ ಅಂತ ನಂಗೆ ಹೇಗಣ್ಣ ಗೊತ್ತಾಗುತ್ತೆ? ನಾನೇ ನೋಡ್ಕೊಂಡು...”

“ನಿನ್ ತಲೆ ಓಡಿಸ್‌ಬ್ಯಾಡ! ನಿನ್ ತಲೆ ಓಡುದ್ರೆ ಏನಾಯ್ತದೆ ಅಂತ ಊರಿಗೇ ಗೊತ್ತು.”

ಹಿಂದೊಮ್ಮೆ ಒಂದು ನಾಮಕರಣದಲ್ಲಿ ನಾನು ತಲೆ ಓಡಿಸಿ, ಪಕ್ಕದ ಮನೆಯವರ ಮಗುವಿನದು ಇಪ್ಪತ್ತು ಫೋಟೋ ತೆಗೆದಿದ್ದೆ. ಆ ಮಗು ಹೆಚ್ಚು ಲಕ್ಷಣವಾಗಿತ್ತು. ಅದನ್ನೇ ಇವರು ಕುಟುಕಿದ್ದು.

“ಕೇಳುಸ್ಕೋ. ನಾನು ಸ್ಟೇಜ್ ಮ್ಯಾಲಿದ್ರೆ ರೀಲು. ನಾನಿಲ್ಲ ಅಂದ್ರೆ ಬರೀ ಲೈಟು. ದೊಡ್ಡೋರು ಬಂದಾಗ ನಾನು ಪಕ್ಕದಲ್ಲೇ ಇರ್ತೀನಲ್ಲ. ತಿಳೀತಾ?”

“ತಿಳೀತಣ್ಣ. ನೀವಿದ್ರೆ ರೀಲು, ಇಲ್ದಿದ್ರೆ ಲೈಟು” ಎಂದು ಕ್ಯಾಮೆರಾ ಮುಟ್ಟಿ ಹೇಳಿದೆ. ಇಷ್ಟು ಸ್ಪಷ್ಟವಾದ ಕಾನೂನು ವಿಧಾನಸೌಧದಲ್ಲೂ ಆಗಿರಲಿಕ್ಕಿಲ್ಲ.

ಆರತಕ್ಷತೆಯ ದಿನ ಸಂಜೆ ಏಳು ಗಂಟೆಗೆ ಕಲ್ಯಾಣ ಮಂಟಪಕ್ಕೆ ವೆಂಕಟಾಚಲ ಅವರ ಕಾರು ಬಂತು. ಪಿಳ್ಳಣ್ಣನವರು ಗೇಟಿನಲ್ಲಿ ಹಾರ ಹಾಕಿ, ಕೈ ಹಿಡಿದು, ಸ್ಟೇಜಿನ ಮೆಟ್ಟಿಲ ತನಕ ಕರೆತಂದರು. ತಂದವರು, “ಮೇಲೋಗಿ ಸಾರ್, ನಾನು ಮೊದಲ್ನೇ ಪಂಕ್ತೀಲಿ ನಿಮ್ಗೆ ಎಲೆ ಹಿಡೀತೀನಿ” ಎಂದು ಪಂಚೆ ಎತ್ತಿಕೊಂಡು ಊಟದ ಹಾಲಿಗೆ ಓಡಿದರು. ವೆಂಕಟಾಚಲ ಸೂಟಿನ ಗುಂಡಿ ಹಾಕಿಕೊಂಡು, ಗದ್ದ ಎತ್ತಿ ನಿಂತರು. ನಾನು ಸ್ಟೇಜಿನ ಎಡ ನೋಡಿದೆ, ಬಲ ನೋಡಿದೆ. ಪಿಳ್ಳಣ್ಣನವರಿಲ್ಲ. ಹೆಬ್ಬೆರಳು ಒತ್ತಿದೆ.

“ಇನ್ನೊಂದು ತೆಗೀರಿ. ನಾನು ಕಣ್ಣು ಮುಚ್ಚಿದೆ ಅನ್ಸುತ್ತೆ.”

“ಧಾರಾಳವಾಗಿ ಸಾರ್.” ಇನ್ನೊಂದು ಒತ್ತಿದೆ. ಅವರ ತೃಪ್ತಿಗೆ ಮೂರನೆಯದನ್ನೂ ಒತ್ತಿದೆ.

ಮನಸ್ಸಿಗೆ ಒಂದು ಸಣ್ಣ ಅನುಮಾನ ಬಂದದ್ದು ನಿಜ. ಆದರೆ ತಲೆ ಓಡಿಸಬೇಡ ಎಂದ ಮೇಲೆ ಓಡಿಸುವುದು ನನ್ನ ಜಾಯಮಾನವಲ್ಲ. ಅವರಾದ ಮೇಲೆ ಬ್ಯಾಂಕಿನ ಮ್ಯಾನೇಜರು, ಆಮೇಲೆ ಡಾಕ್ಟರು, ಆಮೇಲೆ ಇಬ್ಬರು ಕಂಟ್ರಾಕ್ಟರು, ಹೀಗೆ ಹತ್ತು ಹನ್ನೆರಡು ಜನ ಗಣ್ಯರು ಬಂದರು. ಪ್ರತಿ ಸಲವೂ ಪಿಳ್ಳಣ್ಣನವರು ಇವರನ್ನು ಮೆಟ್ಟಿಲು ಹತ್ತಿಸಿ ಮುಂದಿನ ಕಾರಿಗೋ, ಮುಂದಿನ ಎಲೆಗೋ ಓಡುವುದು. ಪ್ರತಿ ಸಲವೂ ನನ್ನ ಹೆಬ್ಬೆರಳು. ಒಂದು ಗಂಟೆ ಕಳೆದರೂ ರೀಲಿಗೆ ಒಂದು ಫೋಟೋವೂ ಬಿದ್ದಿರಲಿಲ್ಲ.

ಆಗ ಮಾಸಿದ ಹಸಿರು ಸೀರೆಯ ಒಬ್ಬ ಮುದುಕಿ ಉಡುಗೊರೆಗೆ ತಂದ ಸ್ಟೀಲಿನ ಡಬರಿಯೊಂದನ್ನು ಎದೆಗವಚಿಕೊಂಡು ಸ್ಟೇಜು ಹತ್ತಿದರು. ಕಲ್ಯಾಣಿ ಕುರ್ಚಿಯಿಂದ ಎದ್ದೇಬಿಟ್ಟಳು. “ಅತ್ತೇ! ಬಂದ್ಯಾ? ಬಾ, ನನ್ ಪಕ್ಕ ನಿಂತ್ಕೋ.”

ಅವರು ತಿಮ್ಮಕ್ಕ, ಪಿಳ್ಳಣ್ಣನವರ ಸ್ವಂತ ಅಕ್ಕ. ಹೊಸಕೆರೆಹಳ್ಳಿಯಲ್ಲಿ ಸೊಪ್ಪು ಮಾರುತ್ತಿದ್ದರು. ಹೊಲ ಮಾರಿದ ವರ್ಷ ಏನೋ ಮಾತಿಗೆ ಮಾತು ಬೆಳೆದು, ಹನ್ನೊಂದು ವರ್ಷದಿಂದ ಪಿಳ್ಳಣ್ಣನವರು ಅಕ್ಕನ ಮನೆ ಬಾಗಿಲು ತುಳಿದಿರಲಿಲ್ಲ. ಲಗ್ನಪತ್ರಿಕೆ ಕೊಟ್ಟು ಬಂದವಳು ಕಲ್ಯಾಣಿ, ಅದೂ ಅಪ್ಪನಿಗೆ ಹೇಳದೆ.

ಪಿಳ್ಳಣ್ಣನವರು ಗೇಟಿನಿಂದ ನೋಡಿದರು. ನೋಡಿದ್ದೇ ತಡ, ಎಂಟುನೂರು ಜನರ ನಡುವೆ ದಾರಿ ಮಾಡಿಕೊಂಡು ಬಂದು, ಎರಡೆರಡು ಮೆಟ್ಟಿಲು ಹಾರಿ, ತಿಮ್ಮಕ್ಕನ ಕೈ ಹಿಡಿದು ಎಳೆದರು. “ನಡಿ ನಡಿ, ಊಟಕ್ಕೋಗು, ದೊಡ್ಡೋರು ಕಾಯ್ತವ್ರೆ!”

ಪಿಳ್ಳಣ್ಣನವರು ಸ್ಟೇಜಿನ ಮೇಲಿದ್ದರು. ನಾನು ರೀಲಿಗೆ ಹೊಡೆದೆ. ಪಿಳ್ಳಣ್ಣನವರು ಇಳಿಯುವ ತನಕ ನಾಲ್ಕು ಫೋಟೋ ಬಿತ್ತು.

ಅಲ್ಲಿಂದ ಶುರುವಾಯಿತು ನೋಡಿ. ಸೊಪ್ಪಿನ ಸಂತೆಯ ಹೆಂಗಸರು ಹತ್ತಿದರು, ಪಿಳ್ಳಣ್ಣನವರು ಓಡಿಬಂದು ಇಳಿಸಿದರು. ಹಳೇ ಊರಿನ ಗೊಲ್ಲರು ಹತ್ತಿದರು, ಇಳಿಸಿದರು. ಗದಗ ಕಡೆಯಿಂದ ಬಂದು ಬಿಟಿಎಂ ಲೇಔಟಿನಲ್ಲಿ ರೂಮು ಮಾಡಿಕೊಂಡಿದ್ದ ತಿಪ್ಪಣ್ಣ ಎಂಬ ಗುಮಾಸ್ತ, ಮೇಲಿನ ಹಾಲಿನ ಮದುವೆಗೆ ಹೋಗಬೇಕಾದವನು ತಪ್ಪಿ ಇಲ್ಲಿ ಹತ್ತಿಬಿಟ್ಟ. ಪಿಳ್ಳಣ್ಣನವರು ಅವನ ಎದೆಗೆ ಬೆರಳು ತಿವಿದು “ಯಾರ್ ನೀನು?” ಎಂದರು. ಅವನು ಎರಡೂ ಕೈ ಜೋಡಿಸಿ “ತಿಪ್ಪಣ್ಣ ಅಂತಾರ‍್ರೀ ನನಗ” ಎಂದ. ಬೆಳಕು, ಮುಖಭಾವ, ಎಲ್ಲ ಕೂಡಿಬಂದ ಫೋಟೋ ಅದು. ಒಂಬತ್ತೂವರೆಗೆ ಮೂರು ರೀಲೂ ಮುಗಿದವು.

ಪ್ರಿಂಟು ಬಂದ ದಿನ ಪಿಳ್ಳಣ್ಣನವರು ಅಂಗಡಿಯಲ್ಲೇ ಕುಳಿತು ಆಲ್ಬಂ ತೆರೆದರು. ನೂರೆಂಟು ಫೋಟೋದಲ್ಲೂ ಪಿಳ್ಳಣ್ಣನವರಿದ್ದರು. ಒಂದರಲ್ಲಿ ರಟ್ಟೆ ಹಿಡಿದು ಎಳೆಯುತ್ತಿದ್ದಾರೆ, ಒಂದರಲ್ಲಿ ಬೆನ್ನಿಗೆ ಕೈ ಹಾಕಿ ನೂಕುತ್ತಿದ್ದಾರೆ, ಒಂದರಲ್ಲಿ ಬಾಯಿ ಇಷ್ಟಗಲ ತೆರೆದಿದೆ. ಹಿಂದೆ ಹೆಣ್ಣುಗಂಡು ಗಾಬರಿಯಿಂದ ನೋಡುತ್ತಿದ್ದಾರೆ. ಮದುವೆ ಆಲ್ಬಂ ಎಂದು ಗೊತ್ತಿಲ್ಲದವರು ಯಾವುದೋ ಗಲಾಟೆಗೆ ಪೊಲೀಸರು ತೆಗೆಸಿದ್ದು ಎಂದುಕೊಳ್ಳಬೇಕು.

“ವೆಂಕಟಾಚಲ ಸಾರ್ ಎಲ್ಲೋ?”

“ಅವರು ನಿಂತಾಗ ನೀವು ಸ್ಟೇಜ್ ಮೇಲಿರ್ಲಿಲ್ವಲ್ಲಣ್ಣ. ನಿಯಮ.”

ಪಿಳ್ಳಣ್ಣನವರು ಆಲ್ಬಂ ಮುಚ್ಚಿದರು. ನೀರು ಕುಡಿದರು. ಆಮೇಲೆ ಬೈದರು. ಏನು ಬೈದರೆಂದು ಬರೆಯುವ ಹಾಗಿಲ್ಲ, ನನ್ನ ತಾತ ಮುತ್ತಾತರು ಯಾರೂ ಬಿಟ್ಟುಹೋಗಲಿಲ್ಲ. ಕೊನೆಗೆ ದನಿ ತಗ್ಗಿಸಿ, “ನೋಡು, ಮುಂದಿನ್ ಭಾನುವಾರ ಬೀಗರೆಲ್ಲ ಆಲ್ಬಂ ನೋಡಕ್ಕೆ ಬತ್ತವ್ರೆ. ನೀನೂ ಬಾ. ಬಂದು, ‘ಒಂದು ರೀಲು ಹಾಳಾಗೋಯ್ತು ಸಾರ್, ನಂದೇ ತಪ್ಪು’ ಅನ್ನು. ಮುಗೀತು” ಎಂದರು.

“ಅದೊಂದು ಆಗಲ್ಲಣ್ಣ.”

“ಹಂಗಾರೆ ಅಂಗಡಿ ಖಾಲಿ ಮಾಡು. ಭಾನುವಾರದ ಗಂಟ ಟೈಮು.”

ಮನೆಯಲ್ಲಿ ಕಮಲಾದೇವಿ, “ಒಂದು ಸುಳ್ಳು ಹೇಳಿದ್ರೆ ನಿಮ್ದೇನು ಗಂಟು ಹೋಗುತ್ತೆ?” ಎಂದಳು.

“ಬೋರ್ಡು ಹೋಗುತ್ತೆ ಕಣೇ.”

ಅವಳು ಒಗ್ಗರಣೆ ಸೌಟು ಕೆಳಗಿಟ್ಟಳು. “ಹಾಗಾದ್ರೆ ಬೇಡ. ಆ ಪೇಂಟರಿಗೆ ಮೂರು ದಿನ ನಾನೇ ಕಾಫಿ ಮಾಡಿಕೊಟ್ಟಿದೀನಿ. ಏನಾಗುತ್ತೋ ಆಗ್ಲಿ, ಹೇಳಬೇಡಿ” ಎಂದಳು.

ಈ ನಡುವೆ ವೆಂಕಟಾಚಲ ಅವರು ಫೋನು ಮಾಡಿ ತಮ್ಮ ಫೋಟೋ ಹೇಗೆ ಬಂದಿದೆ ಎಂದು ಪಿಳ್ಳಣ್ಣನವರನ್ನು ಕೇಳಿದರು. ರೀಲು ಹಾಳಾಯಿತು ಎನ್ನಲು ನಾನು ಇನ್ನೂ ಒಪ್ಪಿರಲಿಲ್ಲವಲ್ಲ, ಪಿಳ್ಳಣ್ಣನವರು ತಬ್ಬಿಬ್ಬಾಗಿ, “ಎಲ್ರುದೂ ಬಂದೈತೆ ಸಾರ್. ನಿಮ್ದೊಂದೇ ಬಿದ್ದಿಲ್ಲ. ಯಾಕೋ ಗೊತ್ತಾಗ್ತಿಲ್ಲ” ಎಂದುಬಿಟ್ಟರು.

ಮೂರು ಸಲ ಮುಖಕ್ಕೆ ಬೆಳಕು ಬಿದ್ದರೂ ಫೋಟೋದಲ್ಲಿ ಬೀಳದ ಮನುಷ್ಯ! ವೆಂಕಟಾಚಲ ಅವರ ಹೆಂಡತಿ ಜೋಯಿಸರ ಹತ್ತಿರ ಹೋದರು. ಜೋಯಿಸರು ಕವಡೆ ಹಾಕಿ, “ಛಾಯೆ ದೇಹ ಬಿಡ್ತಾ ಇದೆ. ಜೋಪಾನ” ಎಂದರು. ಅಲ್ಲಿಂದ ಆಸ್ಪತ್ರೆ. ಎದೆಗೆ ವೈರು ಹಚ್ಚಿ ನೋಡಿದರು, ರಕ್ತ ತೆಗೆದರು, ಏನೂ ಸಿಗಲಿಲ್ಲ. ಏನೂ ಸಿಗದಿದ್ದಕ್ಕೆ ಅವರು ಮತ್ತಷ್ಟು ಹೆದರಿದರು. ಶನಿಶಾಂತಿ ಆಯಿತು, ಮೃತ್ಯುಂಜಯ ಹೋಮ ಆಯಿತು. ಎಕ್ಸ್‌ರೇ ತೆಗೆದಾಗ ಮಾತ್ರ “ಇದರಲ್ಲಿ ಬಿದ್ದಿದೀನಾ ಡಾಕ್ಟ್ರೇ?” ಎಂದು ಕೇಳಿ, ಬಿದ್ದಿದ್ದೀರಿ ಎಂದ ಮೇಲೆ ಸ್ವಲ್ಪ ಸಮಾಧಾನಪಟ್ಟರಂತೆ.

ಬೀದಿಯಲ್ಲಿ ಸುದ್ದಿ ಹಬ್ಬಿತು. ಪಾಸ್‌ಪೋರ್ಟ್ ಸೈಜಿಗೆ ಬಂದವರು ಸ್ಟೂಲಿನ ಮೇಲೆ ಕುಳಿತು, “ಬೀಳ್ತೀವಿ ತಾನೇ ಸಾರ್?” ಎಂದು ಕೇಳತೊಡಗಿದರು. ಪಕ್ಕದ ಹೂವಿನಂಗಡಿಯ ಯಲ್ಲಮ್ಮ ಒಂದು ಬೆಳಿಗ್ಗೆ ಬಂದು, ನನ್ನನ್ನು ಕೇಳದೆಯೇ ಕ್ಯಾಮೆರಾ ಸ್ಟ್ಯಾಂಡಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದಳು. “ನಿಮ್ದೇನೂ ತಪ್ಪಿಲ್ಲ ಸೀನಣ್ಣ, ಕ್ಯಾಮೆರಾಕ್ಕೆ ಗಾಳಿ ಹಿಡಿದಿದೆ. ರೀಲು ಹಾಳಾಯ್ತು ಅಂತ ಹೇಳಿ ಕಾಲಿಗೆ ಬಿದ್ಬಿಡಿ, ಸರಿಹೋಗುತ್ತೆ” ಎಂದಳು.

“ಗಾಳಿ ಹಿಡಿದಿರೋದು ನಿಮಗೆಲ್ಲ” ಎಂದು ಕೂಗಿದೆ. ನಿಂಬೆಹಣ್ಣು ಬಿಚ್ಚಿ ಶರಬತ್ತು ಮಾಡಿ ಅವಳೆದುರೇ ಕುಡಿದೆ.

ಆ ವಾರದಲ್ಲಿ ನನ್ನ ಪರವಾಗಿ ಬಂದವನು ಒಬ್ಬನೇ, ತಿಪ್ಪಣ್ಣ. ಮಂಟಪದಲ್ಲಿ ವಿಳಾಸ ಕೇಳಿಕೊಂಡು ಹುಡುಕಿ ಬಂದಿದ್ದ. ತನ್ನ ಎದೆಗೆ ಪಿಳ್ಳಣ್ಣನವರು ಬೆರಳು ತಿವಿಯುತ್ತಿರುವ ಫೋಟೋ ನೋಡಿ ಅವನ ಕಣ್ಣು ಅರಳಿತು. “ಭಾಳ ಚಂದ ಬಂದೈತ್ರೀ. ಎರಡು ಕಾಪಿ ಕೊಡ್ರಿ. ಬೆಂಗಳೂರಾಗ ನನ್ನ ಮಾತಾಡಸೋರೂ ಅದಾರಂತ ಅವ್ವಗ ತೋರಸ್ತೀನಿ.” ಫೋಟೋ ನೋಡಿ ಅಷ್ಟು ಖುಷಿಪಟ್ಟ ಗಿರಾಕಿಯನ್ನು ನಾನು ಆಮೇಲೂ ಕಂಡಿಲ್ಲ.

ಭಾನುವಾರ ಬಂತು. ನಾನು ಇಸ್ತ್ರಿ ಅಂಗಿ ಹಾಕಿ, ಫ್ಲಾಶು ಸಿಕ್ಕಿಸಿದ ಕ್ಯಾಮೆರಾ ಕೊರಳಿಗೆ ನೇತುಹಾಕಿಕೊಂಡು, ನೆಗೆಟಿವ್‌ಗಳ ಲಕೋಟೆ ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿದೆ. ಹಾಲಿನ ತುಂಬ ಬೀಗರು. ಕಲ್ಯಾಣಿ ಹಟ ಹಿಡಿದು ತಿಮ್ಮಕ್ಕನನ್ನೂ ಕರೆಸಿದ್ದಳು, ಅವರು ಬಾಗಿಲ ಪಕ್ಕ ನೆಲದ ಮೇಲೆ ಕುಳಿತಿದ್ದರು. ನಡುವೆ ಸೋಫಾದಲ್ಲಿ ವೆಂಕಟಾಚಲ. ಬೇಸಿಗೆಯಲ್ಲೂ ಶಾಲು ಹೊದ್ದು, ಕೈಗೆ ಮೂರು ಬಣ್ಣದ ದಾರ ಕಟ್ಟಿಸಿಕೊಂಡು, ಅರ್ಧಕ್ಕೆ ಇಳಿದುಹೋಗಿದ್ದರು.

“ಬಾಪ್ಪ. ಮುಚ್ಚಿಡಬೇಡ, ನಿಜ ಹೇಳು. ನಾನ್ಯಾಕೆ ಬೀಳ್ಲಿಲ್ಲ?”

ಪಾಪ ಅನ್ನಿಸಿತು. ಪಿಳ್ಳಣ್ಣನವರು ಹಿಂದಿನಿಂದ ಕಣ್ಣು ಹಾರಿಸುತ್ತ, “ಹೇಳ್ಬುಡೋ ಸೀನು, ರೀಲು ಹಾಳಾಯ್ತು ಅಂತ. ಯಾರೂ ಏನೂ ಅನ್ನಕ್ಕಿಲ್ಲ” ಎಂದರು.

ನಾನು ಲಕೋಟೆ ಬಿಚ್ಚಿದೆ. ಮೂರು ರೀಲಿನ ನೆಗೆಟಿವ್‌ಗಳನ್ನೂ ಕಿಟಕಿಯ ಬೆಳಕಿಗೆ ಹಿಡಿದೆ. “ಎಲ್ರೂ ನೋಡಿ. ಅಂಚಿನಲ್ಲಿ ನಂಬರಿದೆ. ಒಂದು, ಎರಡು, ಮೂರು... ಮೂವತ್ತಾರು. ಮೂರಕ್ಕೂ ಅಷ್ಟೇ. ನಡುವೆ ಒಂದು ನಂಬರೂ ಖಾಲಿ ಇಲ್ಲ, ಒಂದೂ ಕಪ್ಪಾಗಿಲ್ಲ. ನನ್ನ ರೀಲು ಹಾಳಾಗಿಲ್ಲ ಸಾರ್. ನಿಮ್ಮ ಛಾಯೆಗೂ ಏನೂ ಆಗಿಲ್ಲ. ನಾನು ನಿಮ್ಮ ಫೋಟೋ ತೆಗೆದೇ ಇಲ್ಲ.”

“ಮೂರು ಸಲ ಬೆಳಕು ಬಂತಲ್ರೀ!”

“ಬರೀ ಬೆಳಕು ಸಾರ್. ಹೀಗೆ.” ಫ್ಲಾಶಿನ ಗುಂಡಿ ಒತ್ತಿ ತೋರಿಸಿದೆ. ಹಾಲಿನಲ್ಲಿದ್ದವರೆಲ್ಲ ಅಭ್ಯಾಸಬಲದಿಂದ ನಕ್ಕರು.

ವೆಂಕಟಾಚಲ ತಾವೂ ಒಂದು ಸಲ ಗುಂಡಿ ಒತ್ತಿ ನೋಡಿದರು. ಆಮೇಲೆ ಶಾಲು ತೆಗೆದು ಬಿಸಾಡಿ, ಮೂರು ದಾರವನ್ನೂ ಹಲ್ಲಿನಿಂದ ಕಿತ್ತು ಹಾಕಿ ಎದ್ದು ನಿಂತರು. “ಅಂದ್ರೆ ನಾನು ಸಾಯಲ್ಲ! ಸರಿ. ನನಗೆ ಖಾಲಿ ಹೊಡಿ ಅಂದೋರು ಯಾರು?”

“ಪಿಳ್ಳಣ್ಣೋರು ಸ್ಟೇಜ್ ಮೇಲಿದ್ರೆ ರೀಲು, ಇಲ್ದಿದ್ರೆ ಖಾಲಿ. ಇದು ಅವರದೇ ನಿಯಮ ಸಾರ್.”

“ಅಯ್ಯೋ, ನಾನು ಹೇಳಿದ್ದು ನಿಮ್ಗಲ್ಲ ಸಾರ್!” ಪಿಳ್ಳಣ್ಣನವರು ಮುಂದೆ ಬಂದರು. “ದೇವ್ರಾಣೆ ನಿಮ್ಗಲ್ಲ. ಬ್ಯಾರೇರಿಗೆ!”

“ಬೇರೆಯವರು ಅಂದ್ರೆ ಯಾರಿಗೆ?”

ಪಿಳ್ಳಣ್ಣನವರು ಬಾಗಿಲ ಕಡೆ ನೋಡಿದರು. ಕಲ್ಯಾಣಿ ಆಲ್ಬಂ ಬಿಡಿಸಿ, ಅಪ್ಪ ಅತ್ತೆಯ ಕೈ ಹಿಡಿದು ಎಳೆಯುತ್ತಿದ್ದ ಮೊದಲನೇ ಪುಟ ತೋರಿಸಿದಳು. “ಅತ್ತೆಗಾ ಅಪ್ಪಾ?” ಎಂದಳು.

ತಿಮ್ಮಕ್ಕ ನೆಲದಿಂದ ಎದ್ದು ಬಂದು, “ಎಲ್ಲಿ, ನಂಗೂ ತೋರ್ಸು ಮಗಾ” ಎಂದು ಆಲ್ಬಂ ಕೈಗೆ ತೆಗೆದುಕೊಂಡರು. ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು.

“ಸೀನಪ್ಪ, ಇದನ್ನ ಇಷ್ಟಗಲ ದೊಡ್ಡದು ಮಾಡ್ಕೊಡು” ಎಂದು ಕೈಯಗಲಿಸಿ ತೋರಿಸಿದರು ತಿಮ್ಮಕ್ಕ.

“ಅದು ಬ್ಯಾಡಕ್ಕ!” ಪಿಳ್ಳಣ್ಣನವರು ಅಕ್ಕನ ಪಕ್ಕಕ್ಕೆ ಬಂದರು. “ಅದನ್ನ ಹರ್ದಾಕು. ಸೀನು ಈಗ್ಲೇ ಇನ್ನೊಂದು ತೆಗೀತಾನೆ. ನಿನ್ ಪಕ್ಕ ನಿಂತ್ಕತೀನಿ, ನಕ್ಕಂಡು ನಿಂತ್ಕತೀನಿ.”

“ನಕ್ಕಂಡು ನಿಂತ್ಕಳದು ಕ್ಯಾ‌ಮ್ರಾಕ್ಕೆ ಕಣ್ಲಾ. ಹನ್ನೊಂದು ವರ್ಸ ಆಗಿತ್ತು ನೀನು ನನ್ ಕೈ ಮುಟ್ಟಿ. ಎಳ್ಯಕ್ಕೇ ಹಿಡಿದಿರು, ನೂಕಕ್ಕೇ ಹಿಡಿದಿರು, ಹಿಡ್ದಿದೀಯಲ್ಲ. ನಂಗೆ ಇದೇ ಬೇಕು.”

ಊಟಕ್ಕೆ ಏಳಿ ಎಂದು ಯಾರೋ ಅಂದರು. ವೆಂಕಟಾಚಲ ಅವತ್ತು ಮೂರು ಸಲ ಮುದ್ದೆ ಹಾಕಿಸಿಕೊಂಡರು. ಪಿಳ್ಳಣ್ಣನವರು ಎಲೆಯ ಮುಂದೆ ಕುಳಿತರೇ ಹೊರತು ಏನೂ ಮುಟ್ಟಲಿಲ್ಲ.

ನಾನು ಆ ಫೋಟೋವನ್ನು ದೊಡ್ಡದು ಮಾಡಿಸಿದೆ. ಒಂದು ಪ್ರತಿ ತಿಮ್ಮಕ್ಕನಿಗೆ ಕೊಟ್ಟೆ. ಇನ್ನೊಂದಕ್ಕೆ ಚೌಕಟ್ಟು ಹಾಕಿಸಿ, ಅವರ ಒಪ್ಪಿಗೆ ಪಡೆದು, ಅಂಗಡಿಯ ಹೊರಗಿನ ಗಾಜಿನ ಷೋಕೇಸಿನಲ್ಲಿ ನಡುಮಧ್ಯೆ ಇಟ್ಟೆ. ಮಾರನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ಪಿಳ್ಳಣ್ಣನವರು ಮೆಟ್ಟಿಲಿಳಿದು ಬಂದು ಅದರ ಮುಂದೆ ನಿಂತರು. ಅಂಗಡಿ ಖಾಲಿ ಮಾಡು ಎನ್ನುತ್ತಾರೆಂದು ನಾನೂ ತಯಾರಾಗಿ ಸೊಂಟಕ್ಕೆ ಕೈಯಿಟ್ಟು ನಿಂತೆ.

“ಅದನ್ನ ಒಳಗಿಡೋ ಸೀನು. ಬೀದೀಲಿ ಹೋಗೋರೆಲ್ಲ ನೋಡ್ತವ್ರೆ.”

“ಆಗಲ್ಲಣ್ಣ. ಗಿರಾಕಿ ಹೇಳದೆ ನಾನು ಅದನ್ನ ಕದಲಿಸಲ್ಲ. ಗಿರಾಕಿ ನಿಮ್ಮಕ್ಕ. ಹೋಗಿ ಅವರನ್ನೇ ಕೇಳ್ಕೊಂಡ್ ಬನ್ನಿ.”

ನನ್ನನ್ನು ಗುರಾಯಿಸಿದರು. ನಾನೂ ಗುರಾಯಿಸಿದೆ. ಸ್ವಲ್ಪ ಹೊತ್ತಿಗೆ ಅವರೇ ಮುಖ ತಿರುಗಿಸಿ, ಚಪ್ಪಲಿ ಎಳೆದುಕೊಂಡು ಹೊಸಕೆರೆಹಳ್ಳಿಯ ಕಡೆ ನಡೆದರು. ಮಧ್ಯಾಹ್ನವಾಯಿತು, ಬರಲಿಲ್ಲ. ಎರಡಾಯಿತು, ಮೂರಾಯಿತು. ಯಲ್ಲಮ್ಮ ಹೂವು ಕಟ್ಟುವುದನ್ನು ಬಿಟ್ಟು ರಸ್ತೆಯನ್ನೇ ನೋಡುತ್ತ ಕುಳಿತಿದ್ದಳು.

ನಾಲ್ಕು ಗಂಟೆಗೆ ಪಿಳ್ಳಣ್ಣನವರು ಬಂದರು. ಕಣ್ಣು ಕೆಂಪಗಿತ್ತು, ಎಲೆ ಅಡಿಕೆ ಹಾಕಿ ಬಾಯಿಯೂ ಕೆಂಪಗಿತ್ತು.

“ಏನಂದ್ರಣ್ಣ?”

“ಉಂಡ್ಕೊಂಡು ಹೋಗು ಅಂದ್ಲು. ಉಂಡೆ.”

“ಫೋಟೋ ವಿಷಯ?”

“ಅದನ್ನ ಮುಟ್ಟುದ್ರೆ ನಿನ್ ಕೈ ಮುರೀತೀನಿ ಅಂದ್ಲು” ಎಂದು ಹೇಳಿ, ಹೆಗಲ ಮೇಲಿನ ಟವೆಲ್ ತೆಗೆದು ಷೋಕೇಸಿನ ಗಾಜು ಒರೆಸತೊಡಗಿದರು.